ಸರ್ವರ್‌ಗೂ ಬೇಕು ಚಾಕಿ ಮನೆಯ ಮಡಿ

‘ಸರ್ವರ್’ ಎಂಬ ಪದವನ್ನು ನಮ್ಮ ಹಳ್ಳಿಗಳಿಗೆ ಕಲಿಸಿದ್ದು ಶಾಲೆಯಲ್ಲ, ಪಹಣಿ. ಹೊಸ ಶತಮಾನ ಕಣ್ಣು ಬಿಡುವ ಹೊತ್ತಿಗೆ ‘ಭೂಮಿ’ ಯೋಜನೆ ತಾಲ್ಲೂಕು ಕಚೇರಿಗಳಿಗೆ ಕಂಪ್ಯೂಟರ್ ತಂದಿತು. ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ ಎರಡು ಕೋಟಿಯಷ್ಟು ದಾಖಲೆಗಳು ಹಳೆಯ ಕಟ್ಟುಗಳಿಂದ ಎದ್ದು ಅದರೊಳಗೆ ಹೋಗಿ ಕುಳಿತವು. ಅಂದಿನಿಂದ ಮಾಗಡಿಯ ರೈತನಿಗೂ ಕನಕಪುರದ ಅಜ್ಜಿಗೂ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಬಾಯಿಪಾಠ. ಸರ್ವರ್ ಎಂದರೇನು ಎಂದು ಕೇಳಿದರೆ ಅವರು ಹೇಳಲಾರರು. ಅದು ಮಲಗಿದರೆ ಊರೇ ಕಾಯಬೇಕು ಎಂಬುದಂತೂ ಚೆನ್ನಾಗಿ ಗೊತ್ತು.

ಸರ್ಕಾರದ ಆ ದೊಡ್ಡ ಸರ್ವರ್‌ಗಳನ್ನು ನೋಡಿಕೊಳ್ಳಲು ತಜ್ಞರಿದ್ದಾರೆ. ನಾನು ಹೇಳಹೊರಟಿರುವುದು ಚಿಕ್ಕ ಸರ್ವರ್‌ಗಳ ವಿಷಯ. ರಾಮನಗರವೋ ಚನ್ನಪಟ್ಟಣವೋ, ಸುಮಾರಾದ ಲ್ಯಾಬ್ ಇರುವ ಒಂದು ಕಾಲೇಜಿಗೆ ಹೋಗಿ ನೋಡಿ. ಮೂಲೆಯಲ್ಲಿ ಒಂದು ಕಂಪ್ಯೂಟರ್ ಹಗಲಿರುಳು ಗುಂಯ್‌ಗುಡುತ್ತಿರುತ್ತದೆ. ಅದರ ಮುಂದೆ ಯಾರೂ ಕೂರುವುದಿಲ್ಲ. ಅದೇ ಫೈಲ್ ಸರ್ವರ್. ಲ್ಯಾಬಿನ ಮೂವತ್ತು ಕಂಪ್ಯೂಟರುಗಳಲ್ಲಿ ಮಕ್ಕಳು ಮಾಡಿದ ಕೆಲಸವೆಲ್ಲ ತಂತಿಯ ಮೂಲಕ ಅದರೊಳಕ್ಕೆ ಹೋಗಿ ಸೇರುತ್ತದೆ. ಪ್ರಾಜೆಕ್ಟ್ ವರದಿ, ಆಂತರಿಕ ಅಂಕಗಳ ಪಟ್ಟಿ, ಪ್ರಶ್ನೆಪತ್ರಿಕೆ, ಶುಲ್ಕದ ಲೆಕ್ಕ, ಎಲ್ಲಕ್ಕೂ ಅದೇ ಕಣಜ.

ಇಂಥ ಒಂದು ಕಣಜಕ್ಕೆ ಬೆಂಕಿ ಬಿದ್ದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕಾಲೇಜಿನ ಹೆಸರು ಬೇಡ. ಅಂತಿಮ ವರ್ಷದವರು ಪ್ರಾಜೆಕ್ಟ್ ಒಪ್ಪಿಸಲು ಹದಿನೈದು ದಿನ ಉಳಿದಿತ್ತು. ಸೋಮವಾರ ಬೆಳಿಗ್ಗೆ ಲ್ಯಾಬ್ ತೆರೆದಾಗ ಕಡತಗಳೆಲ್ಲ ಇದ್ದಲ್ಲೇ ಇದ್ದವು. ಆದರೆ ಪ್ರತಿಯೊಂದರ ಹೆಸರಿನ ಬಾಲಕ್ಕೂ ಅರ್ಥವಾಗದ ನಾಲ್ಕಾರು ಅಕ್ಷರ ಅಂಟಿಕೊಂಡಿತ್ತು. ಒಂದೂ ತೆರೆಯಲೊಲ್ಲದು. ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ: ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಬೀಗದಕೈ ಬೇಕಿದ್ದರೆ ಹಣ ಕಟ್ಟಿ.

ನನ್ನ ಅಕ್ಕನ ಮಗಳ ಆರು ತಿಂಗಳ ದುಡಿಮೆ ಅದರೊಳಗಿತ್ತು. ‘ಮಾಮ, ಸರ್ವರ್‌ನಲ್ಲಿ ಆಂಟಿವೈರಸ್ ಇತ್ತಲ್ಲ?’ ಎಂದು ಅವಳು ಅಳುತ್ತಲೇ ಕೇಳಿದಳು. ಇತ್ತು. ದುಡ್ಡು ಕೊಟ್ಟು ತಂದದ್ದು, ಅವಧಿ ಮುಗಿಯದ್ದು, ಆ ದಿನ ಬೆಳಿಗ್ಗೆಯೂ ಅಪ್‌ಡೇಟ್ ಆಗಿದ್ದದ್ದು. ಪರದೆಯ ಮೂಲೆಯಲ್ಲಿ ಅದರ ಹಸಿರು ಗುರುತು ‘ನೀವು ಸುರಕ್ಷಿತ’ ಎನ್ನುತ್ತಲೇ ಇತ್ತು.

ಕಾವಲುಗಾರ ಎಚ್ಚರವಿದ್ದೂ ಕಣಜ ಬರಿದಾದದ್ದು ಹೇಗೆ? ಇದು ಅರ್ಥವಾದರೆ ಸರ್ವರ್‌ಗೆ ಯಾವ ಆಂಟಿವೈರಸ್ ಎಂಬ ಪ್ರಶ್ನೆ ಮುಕ್ಕಾಲು ಪಾಲು ಬಗೆಹರಿದಂತೆ.

ಹದಿನೇಳನೆಯ ಕಂಪ್ಯೂಟರ್

ರೇಷ್ಮೆ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಮೊಟ್ಟೆಯೊಡೆದ ಹುಳುವನ್ನು ಎಲ್ಲ ರೈತರೂ ಮೊದಲ ದಿನದಿಂದ ತಾವೇ ಸಾಕುವುದಿಲ್ಲ. ಎರಡನೆಯ ಜ್ವರ ಕಳೆಯುವವರೆಗೆ ಚಾಕಿ ಕೇಂದ್ರದಲ್ಲಿ ಬೆಳೆದ ಮರಿಗಳನ್ನು ತಂದು ಮೇಯಿಸುವವರೇ ಬಹಳ. ಒಂದು ಚಾಕಿ ಮನೆಯ ಹುಳು ಹತ್ತಾರು ಮನೆಗೆ ಹೋಗುತ್ತದೆ. ಅಲ್ಲಿಗೆ ರೋಗ ಹೊಕ್ಕರೆ ಹತ್ತಾರು ಮನೆಯ ಬೆಳೆ ನೆಲ ಕಚ್ಚಿತು. ಹಾಲುತೊಂಡೆ ರೋಗಕ್ಕೆ ಕಾರಣವಾದದ್ದು ನಿಜವಾದ ವೈರಸ್ಸೇ. ಒಮ್ಮೆ ತಗುಲಿದ ಹುಳುವನ್ನು ಗುಣಪಡಿಸುವ ಮದ್ದಿಲ್ಲ. ಅದಕ್ಕೇ ರೇಷ್ಮೆ ಇಲಾಖೆಯವರು ಸುಣ್ಣ, ಬ್ಲೀಚಿಂಗ್ ಪೌಡರ್, ಕೈಕಾಲು ತೊಳೆದು ಒಳಗೆ ಹೋಗುವುದು, ಇಂಥ ಮಡಿಯ ಮಾತನ್ನೇ ಹೆಚ್ಚು ಆಡುವುದು.

ಫೈಲ್ ಸರ್ವರ್ ಎಂದರೆ ಲ್ಯಾಬಿನ ಚಾಕಿ ಮನೆ. ಸೋಂಕು ಹಿಡಿದ ಒಂದು ಕಡತ ಅಲ್ಲಿಗೆ ಬಂದು ಕುಳಿತರೆ ಸರ್ವರ್‌ಗೆ ಬಹುಶಃ ಏನೂ ಆಗುವುದಿಲ್ಲ, ಏಕೆಂದರೆ ಅದು ಆ ಕಡತವನ್ನು ತೆರೆಯುವುದೇ ಇಲ್ಲ. ಕೇಳಿದವರಿಗೆಲ್ಲ ಎತ್ತಿ ಕೊಡುತ್ತದೆ, ಅಷ್ಟೆ. ತೆರೆದವನಿಗೆ ರೋಗ. ಇಂಥ ಕಡತ ಬಂದು ಇಳಿಯುವಾಗಲೇ ಹಿಡಿಯುವುದು ಸರ್ವರ್‌ನ ಆಂಟಿವೈರಸ್ಸಿನ ಮೊದಲ ಕೆಲಸ. ಅದನ್ನು ಒಳ್ಳೆಯ ತಂತ್ರಾಂಶಗಳೆಲ್ಲ ಸುಮಾರಾಗಿ ಮಾಡುತ್ತವೆ.

ಆದರೆ ನಮ್ಮ ಕಾಲೇಜಿನಲ್ಲಿ ನಡೆದದ್ದು ಬೇರೆ. ಲ್ಯಾಬಿನ ಹದಿನೇಳನೆಯ ಕಂಪ್ಯೂಟರಿನಲ್ಲಿ ಒಬ್ಬ ಹುಡುಗ ವಿಡಿಯೋ ಎಡಿಟ್ ಮಾಡುವ ತಂತ್ರಾಂಶದ ‘ಕ್ರ್ಯಾಕ್’ ಒಂದನ್ನು ಪೆನ್‌ಡ್ರೈವ್‌ನಿಂದ ಹಾಕಿದ್ದ. ಅದರ ಹೊಟ್ಟೆಯಲ್ಲಿ ಬೀಗ ಹಾಕುವ ವೈರಸ್, ಅಂದರೆ ರ‍್ಯಾನ್ಸಮ್‌ವೇರ್ ಇತ್ತು. ಅದು ಸರ್ವರ್‌ಗೆ ಹೋಗಲೇ ಇಲ್ಲ. ಹದಿನೇಳರಲ್ಲೇ ಕುಳಿತು, ತಂತಿಯ ಮೂಲಕ ಕೈ ಚಾಚಿ, ಹಂಚಿಕೆಯ ಫೋಲ್ಡರಿನ ಒಂದೊಂದೇ ಕಡತವನ್ನು ತೆರೆದು, ಗೂಢಲಿಪಿಗೆ ಬದಲಿಸಿ, ಮತ್ತೆ ಅಲ್ಲೇ ಇಟ್ಟಿತು. ಸರ್ವರ್ ಕಂಡದ್ದು ಇಷ್ಟು: ಹದಿನೇಳನೆಯ ಬಳಕೆದಾರ ಕಡತ ತೆರೆಯುತ್ತಿದ್ದಾನೆ, ತಿದ್ದುತ್ತಿದ್ದಾನೆ, ಉಳಿಸುತ್ತಿದ್ದಾನೆ. ದಿನವೂ ಎಲ್ಲರೂ ಮಾಡುವ ಕೆಲಸ. ತಿದ್ದಿದ ಕಡತದಲ್ಲಿ ವೈರಸ್ಸೂ ಇಲ್ಲ, ಬರೀ ಕಲಸುಮೇಲೋಗರ. ಕಾವಲುಗಾರನಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ.

ಹದಿನೇಳನೆಯ ಕಂಪ್ಯೂಟರಿನ ಆಂಟಿವೈರಸ್ ಅವಧಿ ಮುಗಿದು ವರ್ಷವಾಗಿತ್ತು. ಹಣ ಸಾಲದೆ ‘ಮುಖ್ಯವಾದದ್ದಕ್ಕೆ ಸಾಕು’ ಎಂದು ಸರ್ವರ್‌ಗೆ ಮಾತ್ರ ಕೊಂಡಿದ್ದರು. ಚಾಕಿ ಮನೆಯ ಬಾಗಿಲಿಗೆ ಸುಣ್ಣ ಬಳಿದು, ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಆದ್ದರಿಂದ ಮೊದಲ ಮಾತು ಇದು: ಫೈಲ್ ಸರ್ವರ್‌ನ ಆಂಟಿವೈರಸ್ ಎಂಬುದನ್ನು ಸರ್ವರ್‌ಗೆ ಮಾತ್ರ ಕೊಳ್ಳಲಾಗದು. ಅದಕ್ಕೆ ಬರೆಯುವ ಹಕ್ಕು ಇರುವ ಪ್ರತಿ ಕಂಪ್ಯೂಟರನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಪೆನ್‌ಡ್ರೈವ್‌ನ ಬಸ್ ಮಾರ್ಗ

ರಾಮನಗರದ ಕಾಲೇಜುಗಳಿಗೆ ಚನ್ನಪಟ್ಟಣದಿಂದ ಮಕ್ಕಳು ರೈಲಿನಲ್ಲೂ ಬರುತ್ತಾರೆ, ಮಾಗಡಿ, ಕನಕಪುರಗಳಿಂದ ಬಸ್ಸೇ ಗತಿ. ಹಿಂದಿನ ಸಂಜೆ ಅವರವರ ಊರಿನ ಬಸ್ ನಿಲ್ದಾಣದ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ ಪೆನ್‌ಡ್ರೈವ್ ಮರುದಿನ ಲ್ಯಾಬಿಗೆ ಬರುತ್ತದೆ. ನಾಲ್ಕು ಊರಿನ ಅಂಗಡಿಗಳ ಧೂಳು ಒಂದೇ ಸರ್ವರ್‌ನಲ್ಲಿ ಕೂಡುತ್ತದೆ. ಅಂಗಡಿಯವರದೇನೂ ತಪ್ಪಿಲ್ಲ, ದಿನಕ್ಕೆ ಅದೆಷ್ಟೋ ಜನರ ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವುದು ಅವರ ಹೊಟ್ಟೆಪಾಡು.

ಈ ಪ್ರಯಾಣ ಹೊಸದಲ್ಲ. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ ‘ಬ್ರೈನ್’ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ಹತ್ತಿ ಜಗತ್ತು ಸುತ್ತಿತು. 2008ರಲ್ಲಿ ಹುಟ್ಟಿದ ‘ಕಾನ್‌ಫಿಕರ್’ ಜಾಲದ ಮೂಲಕವೂ ಹರಡಿತು, ಪೆನ್‌ಡ್ರೈವ್ ಚುಚ್ಚಿದ ಕೂಡಲೇ ತಾನಾಗಿ ಓಡುವ ವಿಂಡೋಸ್‌ನ ಸೌಲಭ್ಯವನ್ನೂ ಬಳಸಿಕೊಂಡಿತು. ಹಳೆಯ ವಿಂಡೋಸ್‌ಗಳಲ್ಲಿ ಆ ಸೌಲಭ್ಯವನ್ನು ಮೈಕ್ರೋಸಾಫ್ಟ್ ಮುಚ್ಚಿದ್ದು 2011ರಲ್ಲಿ. ಇನ್ನು 2017ರ ಮೇ 12ರಂದು ಎರಗಿದ ‘ವಾನ್ನಾಕ್ರೈ’ಗೆ ಪೆನ್‌ಡ್ರೈವೂ ಬೇಕಿರಲಿಲ್ಲ. ಫೈಲ್ ಸರ್ವರ್‌ಗಳು ಕಡತ ಹಂಚಲು ಬಳಸುವ ವ್ಯವಸ್ಥೆಯಲ್ಲೇ ಇದ್ದ ಬಿರುಕಿನಿಂದ ಅದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಜಿಗಿಯಿತು. ನೆರೆಯ ಆಂಧ್ರದಲ್ಲಿ ಪೊಲೀಸರ ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಆ ಬಿರುಕಿಗೆ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್ 14ರಂದು ಕೊಟ್ಟಿತ್ತು. ಹಾಕಿಕೊಂಡವರು ಬಚಾವಾದರು. ವಿಂಡೋಸ್ ಅಪ್‌ಡೇಟ್ ಬಂದಾಗಲೆಲ್ಲ ‘ಆಮೇಲೆ’ ಎಂದು ಒತ್ತುವ ಅಭ್ಯಾಸ ಇರುವವರು ಈ ತಾರೀಖುಗಳನ್ನು ನೆನಪಿಡಬಹುದು.

ಕೊಳ್ಳುವ ಮುನ್ನ

ಈಗ ಅಂಗಡಿಗೆ ಹೋಗೋಣ. ಎಸ್.ಪಿ. ರಸ್ತೆಗಾದರೂ ಸರಿ, ಊರಿನ ಡೀಲರ್ ಬಳಿಗಾದರೂ ಸರಿ. ಆತ ‘ಯಾವ ಕಂಪೆನಿಯದು ಬೇಕು?’ ಎಂದು ಕೇಳುತ್ತಾನೆ. ಅದಕ್ಕೆ ಉತ್ತರಿಸುವ ಮೊದಲು ನಿಮ್ಮ ಸರ್ವರ್ ಯಾವ ಜಾತಿಯದು ಎಂದು ನಿಮಗೆ ತಿಳಿದಿರಬೇಕು.

ಅನೇಕ ಕಡೆ ಸರ್ವರ್ ಎಂದು ಕರೆಯುವುದು ಸಾಮಾನ್ಯ ವಿಂಡೋಸ್ ಕಂಪ್ಯೂಟರನ್ನೇ. ಒಂದು ಫೋಲ್ಡರ್ ಹಂಚಿಕೊಂಡರೆ ಆಯಿತು, ಸರ್ವರ್. ಇದಕ್ಕೆ ಒಂದು ಸಲಕ್ಕೆ 20 ಸಂಪರ್ಕಗಳ ಮಿತಿ ಇದೆ. ಮೂವತ್ತು ಮಕ್ಕಳ ತರಗತಿಯಲ್ಲಿ ಕೊನೆಯ ಹತ್ತು ಮಂದಿಗೆ ‘ಸರ್ವರ್ ಸಿಗುತ್ತಿಲ್ಲ’ ಎಂದಾಗ ವೈರಸ್ಸನ್ನು ಬೈಯುವ ಮೊದಲು ಇದನ್ನು ನೋಡಿ. ಅದು ವಿಂಡೋಸ್ 10 ಆಗಿದ್ದರೆ 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲು ಬೆಂಬಲ ಮುಗಿದಿದೆ. ತೇಪೆ ಸಿಗದ ಮನೆಗೆ ಎಂಥ ಆಂಟಿವೈರಸ್ ಹಾಕಿದರೂ ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟಂತೆಯೇ. ಆ ದುಡ್ಡನ್ನು ಮೊದಲು ವಿಂಡೋಸ್ 11ಕ್ಕೆ ಹಾಕಿ. ಅದರೊಂದಿಗೇ ಬರುವ ‘ಡಿಫೆಂಡರ್’ ಇಷ್ಟು ಚಿಕ್ಕ ಲ್ಯಾಬಿಗೆ ಸಾಕೆಂದೇ ನನ್ನ ಅಭಿಪ್ರಾಯ.

ಎರಡನೆಯದು ನಿಜವಾದ ವಿಂಡೋಸ್ ಸರ್ವರ್. ಮನೆಯ ಕಂಪ್ಯೂಟರಿಗೆಂದು ಮಾರುವ ಆಂಟಿವೈರಸ್ ಪೊಟ್ಟಣಗಳು ಸಾಮಾನ್ಯವಾಗಿ ಇದರ ಮೇಲೆ ಕೂರುವುದೇ ಇಲ್ಲ, ಸರ್ವರ್ ಆವೃತ್ತಿಯನ್ನೇ ಕೇಳಬೇಕು. 2016ರ ಆವೃತ್ತಿಯಿಂದ ಇದರಲ್ಲೂ ಡಿಫೆಂಡರ್ ಒಳಗೇ ಇದೆ. ಇಲ್ಲೊಂದು ಸೂಕ್ಷ್ಮ ಇದೆ. ಮನೆಯ ವಿಂಡೋಸ್‌ನಲ್ಲಿ ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ, ಸರ್ವರ್‌ನಲ್ಲಿ ಸರಿಯುವುದಿಲ್ಲ. ನಾವೇ ಸರಿಸಬೇಕು. ಇಲ್ಲವಾದರೆ ಕತ್ತಲಲ್ಲಿ ಇಬ್ಬರು ಕಾವಲುಗಾರರು ಒಬ್ಬರನ್ನೊಬ್ಬರು ಹಿಡಿದು ಬಡಿದಾಡಿದ ಹಾಗೆ, ಒಂದೊಂದು ಕಡತ ತೆರೆಯಲೂ ಅರ್ಧ ನಿಮಿಷ ಕಾಯುವ ಸ್ಥಿತಿ ಬರಬಹುದು.

ಮೂರನೆಯದು ಲಿನಕ್ಸ್, ಕಡತ ಹಂಚಲು ಅದರೊಂದಿಗೆ ‘ಸಾಂಬಾ’. ವಿಂಡೋಸ್ ವೈರಸ್‌ಗಳು ಲಿನಕ್ಸನ್ನು ಕಾಡುವುದಿಲ್ಲವೆಂದು ಅನೇಕರು ನಿಶ್ಚಿಂತರಾಗಿರುತ್ತಾರೆ. ತನಗೆ ಜ್ವರ ಬಾರದವನೂ ಊರಿಗೆ ಜ್ವರ ಹಂಚಬಲ್ಲ ಎಂಬುದನ್ನು ಮರೆಯುತ್ತಾರೆ. ಇದಕ್ಕೆ ‘ಕ್ಲಾಮ್‌ಎವಿ’ ಎಂಬ ಮುಕ್ತ ತಂತ್ರಾಂಶವಿದೆ, ಬಿಡಿಗಾಸು ಖರ್ಚಿಲ್ಲ. ಆದರೆ ಅದು ಒಂದು ಜಿಬಿಗಿಂತ ಹೆಚ್ಚು ಮೆಮೊರಿಯನ್ನು ತಾನೇ ನುಂಗುತ್ತದೆ, ಹಳೆಯ ಪೆಟ್ಟಿಗೆಗೆ ಹಾಕುವಾಗ ನೋಡಿಕೊಳ್ಳಿ. ಸಾಂಬಾದೊಂದಿಗೆ ಅದನ್ನು ಜೋಡಿಸುವುದು ಬಿ.ಸಿ.ಎ. ವಿದ್ಯಾರ್ಥಿಗೆ ಒಳ್ಳೆಯ ಕಿರು ಪ್ರಾಜೆಕ್ಟ್ ಆಗುತ್ತದೆ.

ಕಂಪೆನಿಗಳ ವಿಷಯಕ್ಕೆ ಬಂದರೆ, ದೇಶದ್ದೇ ಬೇಕೆನ್ನುವವರಿಗೆ ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7, ಮುಂಬೈನ ಇಸ್ಕ್ಯಾನ್ ಇವೆ. ಕ್ಯಾಲ್ಕುಲೇಟರ್ ರಿಪೇರಿಯಿಂದ ಬದುಕು ಶುರುಮಾಡಿದ ಕೈಲಾಶ್ ಕಾಟ್ಕರ್ ಕಟ್ಟಿದ್ದು ಕ್ವಿಕ್ ಹೀಲ್. ಎಂಜಿನಿಯರಿಂಗ್ ಸೀಟು ಸಿಗದ ಮಕ್ಕಳ ಅಪ್ಪ ಅಮ್ಮಂದಿರು ಗಮನಿಸಲಿ! ವಿದೇಶದವೂ ಬೇಕಾದಷ್ಟಿವೆ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಎಂಬ ಸ್ವತಂತ್ರ ಪ್ರಯೋಗಾಲಯಗಳು ಇವುಗಳಲ್ಲಿ ಅನೇಕವನ್ನು ಪರೀಕ್ಷಿಸಿ ಅಂಕ ಕೊಡುತ್ತವೆ. ಅಂಕಪಟ್ಟಿ ನೋಡಿ, ಆದರೆ ಮುಂಚೂಣಿಯವು ಎಲ್ಲವೂ ನೂರಕ್ಕೆ ತೊಂಬತ್ತೊಂಬತ್ತರ ಆಸುಪಾಸಿನಲ್ಲೇ ಇರುತ್ತವೆ. ಪಾಯಿಂಟ್ ಮೂರು, ಪಾಯಿಂಟ್ ನಾಲ್ಕರ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ನೂರಕ್ಕೆ ನೂರು ಎಂದು ಪೆಟ್ಟಿಗೆಯ ಮೇಲೆ ಬರೆದವರನ್ನಂತೂ ನಂಬಲೇಬೇಡಿ. ಎಲ್ಲ ವೈರಸ್ಸನ್ನೂ ತಪ್ಪದೆ ಹಿಡಿಯುವ ಕ್ರಮವಿಧಿ ಇರಲಾರದು ಎಂದು ಅಮೆರಿಕದ ಫ್ರೆಡ್ ಕೋಹೆನ್ 1980ರ ದಶಕದಲ್ಲೇ ಗಣಿತದಿಂದ ತೋರಿಸಿದ್ದಾರೆ.

ಡೀಲರ್ ಬಳಿ ಕೇಳಬೇಕಾದ್ದು ಬೇರೆಯೇ ಇದೆ. ಸರ್ವರ್ ಮತ್ತು ಮೂವತ್ತು ಕಂಪ್ಯೂಟರುಗಳು ಒಂದೇ ಪರದೆಯಲ್ಲಿ ಕಾಣುತ್ತವೆಯೇ? ಹದಿನೇಳನೆಯದರ ಅವಧಿ ಮುಗಿದಿದೆ ಎಂದು ಆ ಪರದೆ ಹೇಳಿದ್ದರೆ ನಮ್ಮ ಕಥೆಯೇ ಬೇರೆ ಇರುತ್ತಿತ್ತು. ಇಂಟರ್‌ನೆಟ್ ಕುಂಟುವ ಕಡೆ ಸರ್ವರ್ ಒಂದೇ ಅಪ್‌ಡೇಟ್ ಇಳಿಸಿಕೊಂಡು ಉಳಿದವಕ್ಕೆ ಬಡಿಸಬಲ್ಲದೇ? ಒಬ್ಬನೇ ಬಳಕೆದಾರ ನಿಮಿಷಕ್ಕೆ ನೂರಾರು ಕಡತ ಬದಲಿಸತೊಡಗಿದರೆ ಅವನ ಕೈ ಹಿಡಿದು ನಿಲ್ಲಿಸುವ ಗುಣ ಇದೆಯೇ? ಕೆಲವು ಕಂಪೆನಿಗಳ ಸರ್ವರ್ ಆವೃತ್ತಿಗಳಲ್ಲಿ ಮಾತ್ರ ಇದು ಸಿಗುತ್ತದೆ. ಹಣ ಕೊಡುವುದಾದರೆ ಇದಕ್ಕಾಗಿ ಕೊಡಿ. ಎರಡನೆಯ ವರ್ಷದ ನವೀಕರಣಕ್ಕೆ ಎಷ್ಟು ಎಂಬುದನ್ನೂ ಬರೆಸಿಕೊಳ್ಳಿ, ಮೊದಲ ವರ್ಷದ ರಿಯಾಯಿತಿ ನೋಡಿ ಮರುಳಾಗಬೇಡಿ.

ಕೊಳ್ಳುವ ಮೊದಲು ಪ್ರಾಯೋಗಿಕ ಆವೃತ್ತಿಯನ್ನು ಒಂದು ತಿಂಗಳು ಓಡಿಸಿ ನೋಡುವುದು ಜಾಣತನ. ಲ್ಯಾಬ್ ಅವಧಿ ಮುಗಿಯುವ ಐದು ನಿಮಿಷ ಮುಂಚೆ ಎಲ್ಲ ಮಕ್ಕಳೂ ಒಟ್ಟಿಗೆ ‘ಸೇವ್’ ಒತ್ತುತ್ತಾರಲ್ಲ, ಆಗ ಸರ್ವರ್ ಏದುಸಿರು ಬಿಡುತ್ತದೆಯೇ ನೋಡಿ. ನುಡಿ, ಟ್ಯಾಲಿ ತೊಂದರೆಯಿಲ್ಲದೆ ನಡೆಯುತ್ತವೆಯೇ ನೋಡಿ. ಸದಾ ತೆರೆದೇ ಇರುವ ಲೆಕ್ಕಪತ್ರದ ದತ್ತಾಂಶ ಕಡತಗಳನ್ನು ಕ್ಷಣಕ್ಷಣಕ್ಕೂ ತಪಾಸಣೆ ಮಾಡಬೇಡ ಎಂದು ಆಂಟಿವೈರಸ್‌ಗೆ ಹೇಳಿಡಬಹುದು. ಹಾಗೆಂದು ಇಡೀ ಡಿ ಡ್ರೈವ್‌ಗೇ ವಿನಾಯಿತಿ ಕೊಟ್ಟುಬಿಟ್ಟ ಮಹಾನುಭಾವರೂ ಇದ್ದಾರೆ.

ಕಾವಲುಗಾರನೇ ಎಡವುವುದೂ ಉಂಟು. 2010ರ ಏಪ್ರಿಲ್‌ನಲ್ಲಿ ಮ್ಯಾಕಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಅತಿ ಅಗತ್ಯದ ಕಡತವನ್ನೇ ವೈರಸ್ ಎಂದು ಹಿಡಿದು ಅಸಂಖ್ಯ ಕಂಪ್ಯೂಟರುಗಳನ್ನು ಕೆಡವಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ದೋಷದ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ಕಂಪ್ಯೂಟರುಗಳ ಪರದೆ ನೀಲಿಯಾಯಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟ ಚಿತ್ರಗಳು ನಿಮಗೂ ನೆನಪಿರಬಹುದು.

ಬೀರುವಿನಲ್ಲಿಟ್ಟ ಡಿಸ್ಕ್

ದುಡ್ಡು ಬೇಡದ ಮದ್ದು ಒಂದಿದೆ, ಹಕ್ಕುಗಳ ಹಂಚಿಕೆ. ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ಎಲ್ಲ ಫೋಲ್ಡರಿನಲ್ಲೂ ಬರೆಯುವ ಹಕ್ಕಿತ್ತು, ಯಾರಿಗೂ ತೊಂದರೆಯಾಗಬಾರದಲ್ಲ! ಪಾಠದ ಟಿಪ್ಪಣಿಗಳ ಫೋಲ್ಡರ್ ಮಕ್ಕಳಿಗೆ ಓದಲು ಮಾತ್ರ, ಅಂಕಪಟ್ಟಿಯದು ಮೇಷ್ಟ್ರಿಗೆ ಮಾತ್ರ, ಪ್ರಾಜೆಕ್ಟ್ ಅವರವರದು ಅವರವರಿಗೆ ಮಾತ್ರ ಎಂದು ಮಾಡಿದ್ದರೆ ಆ ಹುಡುಗನ ಒಂದು ಫೋಲ್ಡರ್ ಹೋಗುತ್ತಿತ್ತು, ಮಿಕ್ಕಿದ್ದು ಉಳಿಯುತ್ತಿತ್ತು. ಒಂದು ಮಧ್ಯಾಹ್ನದ ಕೆಲಸ.

ಇನ್ನೊಂದು, ಪ್ರತಿ ತೆಗೆದಿಡುವುದು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರ್‌ಗಳಿಗೆ ಇಂಥದೇ ವೈರಸ್ ತಗುಲಿ 1.3 ಟೆರಾಬೈಟ್‌ನಷ್ಟು ಮಾಹಿತಿಗೆ ಬೀಗ ಬಿತ್ತು. ದಿನಗಟ್ಟಲೆ ಚೀಟಿ ಬರೆದು ಆಸ್ಪತ್ರೆ ನಡೆಸಿದರು. ಕೊನೆಗೆ ರೋಗಿಗಳ ದಾಖಲೆ ಮರಳಿದ್ದು ವೈರಸ್ ಮುಟ್ಟದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರ್‌ನಿಂದ. ಲ್ಯಾಬಿಗೆ ಅಷ್ಟೆಲ್ಲ ಬೇಡ. ಎರಡು ಹೊರ ಹಾರ್ಡ್‌ಡಿಸ್ಕ್ ಸಾಕು. ವಾರಕ್ಕೊಂದರಂತೆ ಜೋಡಿಸಿ, ಪ್ರತಿ ತೆಗೆದು, ತಂತಿ ಕಿತ್ತು, ಬೀರುವಿನಲ್ಲಿಟ್ಟು ಬೀಗ ಹಾಕಿ. ತಂತಿ ಕೀಳುವುದು ಮುಖ್ಯ. ಸದಾ ಜೋಡಿಸಿಯೇ ಇಟ್ಟ ಡಿಸ್ಕಿಗೂ ವೈರಸ್ ಬೀಗ ಹಾಕುತ್ತದೆ. ಎರಡರಲ್ಲೊಂದು ಬೇರೆ ಕಟ್ಟಡದಲ್ಲಿದ್ದರೆ ಇನ್ನೂ ಒಳ್ಳೆಯದು. ಆಂಟಿವೈರಸ್ಸಿಗೂ ಡಿಸ್ಕಿಗೂ ಒಟ್ಟಿಗೆ ಹಣವಿಲ್ಲವೆಂದರೆ ನಾನಾದರೆ ಡಿಸ್ಕನ್ನೇ ಕೊಂಡು, ಕಾವಲಿಗೆ ವಿಂಡೋಸ್‌ನ ಡಿಫೆಂಡರನ್ನೇ ನೆಚ್ಚಿಕೊಳ್ಳುತ್ತೇನೆ. ಪೋಷಕರ ಸಭೆಯಲ್ಲಿ ‘ಯಾವ ಆಂಟಿವೈರಸ್ ಹಾಕಿದ್ದೀರಿ ಸಾರ್?’ ಎಂದು ಕೇಳುವುದಕ್ಕಿಂತ ‘ಕಡೆಯ ಬ್ಯಾಕಪ್ ಯಾವತ್ತು ತೆಗೆದಿರಿ, ಅದರಿಂದ ಒಂದು ಕಡತ ವಾಪಸು ತೆಗೆದು ನೋಡಿದಿರಾ?’ ಎಂದು ಕೇಳಿದರೆ ಉತ್ತರದಲ್ಲೇ ಎಲ್ಲ ತಿಳಿಯುತ್ತದೆ.

ಇಷ್ಟೆಲ್ಲ ಆದಮೇಲೂ ಒಂದು ಬೆಳಿಗ್ಗೆ ಆ ಚೀಟಿ ಕಂಡರೆ? ಮೊದಲು ಜಾಲದ ತಂತಿ ಕೀಳಿ. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಬೇಡಿ, ಚೀಟಿಯ ಚಿತ್ರ ತೆಗೆದಿಡಿ. ಹಣ ಕಟ್ಟಿದರೆ ಬೀಗದಕೈ ಬರುತ್ತದೆಂಬ ಖಾತರಿಯಿಲ್ಲ. ಯೂರೋಪಿನ ಪೊಲೀಸರೂ ಆಂಟಿವೈರಸ್ ಕಂಪೆನಿಗಳೂ ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ವೈರಸ್‌ಗಳ ಬೀಗದಕೈ ಉಚಿತವಾಗಿ ಸಿಗುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930. ಕಾಲೇಜಿನಂಥ ಸಂಸ್ಥೆಗಳು ಕೇಂದ್ರ ಸರ್ಕಾರದ ಸರ್ಟ್-ಇನ್‌ಗೆ ಆರು ಗಂಟೆಯೊಳಗೆ ತಿಳಿಸಬೇಕೆಂಬ ನಿಯಮ 2022ರಿಂದ ಇದೆ.

ನನ್ನ ಅಕ್ಕನ ಮಗಳಿಗೆ ಯಾವ ಬೀಗದಕೈಯೂ ಸಿಗಲಿಲ್ಲ. ಮೂರು ತಿಂಗಳ ಹಿಂದೆ ಮಾರ್ಗದರ್ಶಕರಿಗೆ ಇ-ಮೇಲ್ ಮಾಡಿದ್ದ ಹಳೆಯ ಕರಡೊಂದು ಉಳಿದಿತ್ತು. ಅದನ್ನೇ ಹಿಡಿದು ಹನ್ನೊಂದು ರಾತ್ರಿ ಕುಳಿತು ಮತ್ತೆ ಟೈಪ್ ಮಾಡಿದಳು. ಕೋಷ್ಟಕಗಳಲ್ಲಿ ಎರಡು ಮರಳಿ ಬರಲೇ ಇಲ್ಲ.

ಕಾಲೇಜು ಆಮೇಲೆ ಎಲ್ಲ ಕಂಪ್ಯೂಟರುಗಳನ್ನೂ ಸೇರಿಸಿ ಹೊಸ ಆಂಟಿವೈರಸ್ ಕೊಂಡಿತು. ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಲು ಒಂದು ನಿರಪಾಯದ ದಾರಿ ಇದೆ. ‘ಐಕಾರ್’ ಎಂಬ 68 ಅಕ್ಷರಗಳ ಪುಟ್ಟ ಕಡತ ಅಂತರಜಾಲದಲ್ಲಿ ಸಿಗುತ್ತದೆ. ಅದರಲ್ಲಿ ಯಾವ ವೈರಸ್ಸೂ ಇಲ್ಲ, ಆದರೆ ಪರೀಕ್ಷೆಗೆಂದು ಅದನ್ನು ವೈರಸ್ ಎಂದೇ ಹಿಡಿಯಬೇಕೆಂದು ಆಂಟಿವೈರಸ್ ಕಂಪೆನಿಗಳು ತಮ್ಮಲ್ಲಿ ಒಪ್ಪಂದ ಮಾಡಿಕೊಂಡಿವೆ. ಮೇಷ್ಟ್ರು ಹದಿನೇಳನೆಯ ಕಂಪ್ಯೂಟರಿನಿಂದಲೇ ಅದನ್ನು ಸರ್ವರ್‌ಗೆ ಕಳಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಸರ್ವರ್ ಅದನ್ನು ಹಿಡಿದು ಕೂಡಿಹಾಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಚ್ಚರಿಕೆಯ ಸಂದೇಶ ಮಾತ್ರ ಯಾರ ಫೋನಿಗೂ ಬರಲಿಲ್ಲ. ಹುಡುಕಿದಾಗ ತಿಳಿಯಿತು, ನೋಂದಣಿಯಲ್ಲಿ ಇದ್ದದ್ದು ಎರಡು ವರ್ಷದ ಹಿಂದೆ ವರ್ಗವಾಗಿ ಹೋದ ಉಪನ್ಯಾಸಕರ ನಂಬರು.